ಕಾಣದ ಅಪಾಯವೂ ಇಲ್ಲದ ಅಪಾಯವೂ ಒಂದೇ ಅಲ್ಲ

100 ಮಿಲಿಸೀವರ್ಟ್‌ಗಿಂತ ಕಡಿಮೆ ವಿಕಿರಣದಿಂದ (ಸೀವರ್ಟ್ ಎಂಬುದು ದೇಹಕ್ಕೆ ತಗುಲುವ ವಿಕಿರಣದ ಅಳತೆ, ಮಿಲಿಸೀವರ್ಟ್ ಅದರ ಸಾವಿರದ ಒಂದು ಪಾಲು) ಕ್ಯಾನ್ಸರ್ ಬರುತ್ತದೆಂದು ಖಚಿತವಾಗದಿದ್ದರೂ ನಿಯಂತ್ರಕರು ಸರಳರೇಖೆಯ ಲೆಕ್ಕವನ್ನೇ, ಅಂದರೆ ವಿಕಿರಣ ಎಷ್ಟೇ ಕಡಿಮೆಯಿದ್ದರೂ ಅದರ ಪ್ರಮಾಣಕ್ಕೆ ತಕ್ಕಷ್ಟು ಅಪಾಯ ಇದ್ದೇ ಇರುತ್ತದೆ ಎಂಬ ಊಹೆಯನ್ನೇ, ಏಕೆ ನೆಚ್ಚಿಕೊಂಡಿದ್ದಾರೆ ಎಂದು ಕೇಳಿದ್ದೀರಿ. ಸದ್ಯಕ್ಕೆ ಅದೇ ಸರಿ ಎಂಬುದು ನನ್ನ ನಿಲುವು.

ಅಂತರರಾಷ್ಟ್ರೀಯ ವಿಕಿರಣ ಸಂರಕ್ಷಣಾ ಆಯೋಗದ 2007ರ ಅಂದಾಜಿನಲ್ಲಿ ಕ್ಯಾನ್ಸರಿನ ಹೆಚ್ಚುವರಿ ಅಪಾಯ ಒಂದು ಸೀವರ್ಟ್‌ಗೆ ಸುಮಾರು ಶೇ 5. ಅದರಂತೆ, ಹೊಟ್ಟೆಯ ಒಂದು ಸಿಟಿ ಸ್ಕ್ಯಾನ್‌ನಷ್ಟು, ಅಂದರೆ ಸುಮಾರು 10 ಮಿಲಿಸೀವರ್ಟ್ ತಗುಲಿದ 10,000 ಜನರಲ್ಲಿ ಹೆಚ್ಚುವರಿ ಪ್ರಕರಣಗಳು ಐದು. ಅದೇ ಗುಂಪಿನಲ್ಲಿ ಬೇರೆ ಕಾರಣಗಳಿಂದ ಕ್ಯಾನ್ಸರ್‌ಗೆ ತುತ್ತಾಗುವವರು ಸಾವಿರಾರು. ಆ ಐವರನ್ನು ಯಾವ ಅಧ್ಯಯನ ತಾನೇ ಹೆಕ್ಕಿ ತೋರಿಸೀತು? ಫ್ರಾನ್ಸ್, ಬ್ರಿಟನ್, ಅಮೆರಿಕದ ಮೂರು ಲಕ್ಷಕ್ಕೂ ಹೆಚ್ಚು ಪರಮಾಣು ಕಾರ್ಮಿಕರ ಬಗ್ಗೆ 2023ರಲ್ಲಿ ಪ್ರಕಟವಾದ ವಿಶ್ಲೇಷಣೆಯೂ ಕಡಿಮೆ ಪ್ರಮಾಣ ನಿರಪಾಯಕಾರಿ ಎಂಬ ವಾದಕ್ಕೆ ಬಲ ಕೊಡಲಿಲ್ಲ.

ಆದರೆ ಮಿತಿ ನಿಗದಿಗೆ ಒಪ್ಪುವ ರೇಖೆಯನ್ನು ಕೋಟಿ ಜನರ ಅತ್ಯಲ್ಪ ಪ್ರಮಾಣಗಳಿಗೆ ಗುಣಿಸಿ ಸಾವು ಎಣಿಸುವುದು ತಪ್ಪು, ಆಯೋಗವೇ ಹಾಗೆಂದಿದೆ. ವಿಕಿರಣದಿಂದ ತಪ್ಪಿಸಿಕೊಳ್ಳುವ ಕ್ರಮದ ಹಾನಿಯನ್ನೂ ತಕ್ಕಡಿಗೆ ಹಾಕಲೇಬೇಕು. 2011ರಲ್ಲಿ ಜಪಾನಿನ ಫುಕುಶಿಮಾದಲ್ಲಿ ಅಣುಸ್ಥಾವರ ದುರಂತವಾದಾಗ ಹಾಸಿಗೆ ಹಿಡಿದಿದ್ದ ವೃದ್ಧರನ್ನು ಆಸ್ಪತ್ರೆಗಳಿಂದ ತರಾತುರಿಯಲ್ಲಿ ಬಸ್ಸುಗಳಿಗೆ ಹತ್ತಿಸಿದರು. ಆರೈಕೆಯಿಲ್ಲದೆ, ಗಂಟೆಗಟ್ಟಲೆ ಪ್ರಯಾಣದಲ್ಲಿ ಬಳಲಿ ಹಲವರು ತೀರಿಕೊಂಡರು. ಅವರನ್ನು ಕೊಂದದ್ದು ವಿಕಿರಣವಲ್ಲ.