ಮಗಳ ಕಾನ್ವೊಕೇಶನ್‌ಗೆ ಇಂಗ್ಲೆಂಡಿನ ಡರಮ್‌ಗೆ ಹೋಗುತ್ತಿದ್ದೇವೆ. ರೂಮ್ ಅಲ್ಲೇ ಮಾಡಬೇಕಾ, ನ್ಯೂಕ್ಯಾಸಲ್‌ನಲ್ಲಾ?

ಅದು ಆಮೇಲಿನ ಮಾತು. ನೀವು ನೋಡುತ್ತಿರುವ ಡರಮ್ ಇಂಗ್ಲೆಂಡಿನದ್ದೇನಾ? ನಗಬೇಡಿ.

ಮಗನ ಕಾನ್ವೊಕೇಶನ್‌ಗೆ ನಾನು, ನನ್ನಾಕೆ ಲಂಡನ್ನಿನಿಂದ ಮೂರು ಗಂಟೆ ರೈಲಿನಲ್ಲಿ ಹೋಗಿ ಇಳಿದೆವು. ಟ್ಯಾಕ್ಸಿಯವನಿಗೆ ಫೋನಿನಲ್ಲಿ ಹೋಟೆಲ್ ವಿಳಾಸ ತೋರಿಸಿದೆ. ಆತ ಫೋನ್ ನೋಡಿದ, ನನ್ನ ಮುಖ ನೋಡಿದ, ಇದು ಅಮೆರಿಕದಲ್ಲಿದೆಯಲ್ಲಾ ಅಂದ. ನಾರ್ತ್ ಕ್ಯಾರೊಲಿನಾದ ಡರಮ್!

ಹೇಗಾಯಿತು ಅಂದರೆ, ರೂಮ್ ಹುಡುಕುವಾಗ ಊರಿನ ಹೆಸರು ಟೈಪ್ ಮಾಡಿ ಮೊದಲು ಬಂದದ್ದನ್ನೇ ಒತ್ತಿದ್ದೆ. ಬೆಲೆ ರೂಪಾಯಿಯಲ್ಲಿ ಕಾಣುವ ಹಾಗೆ ಇಟ್ಟಿದ್ದರಿಂದ ಡಾಲರ್ ಗುರುತು ಕಣ್ಣಿಗೇ ಬೀಳಲಿಲ್ಲ. ಯೂನಿವರ್ಸಿಟಿಗೆ ಹತ್ತೇ ನಿಮಿಷ ಅಂತ ಬರೆದಿತ್ತು, ಸುಳ್ಳೇನಲ್ಲ, ಅದು ಆ ಅಮೆರಿಕದ ಊರಿನ ಡ್ಯೂಕ್ ಯೂನಿವರ್ಸಿಟಿ ಅಷ್ಟೇ. ವಿಳಾಸದಲ್ಲಿ ಎನ್‌ಸಿ ಅಂತ ಇತ್ತು. ಪಕ್ಕದ ಊರು ನ್ಯೂಕ್ಯಾಸಲ್ ಅಲ್ವಾ, ಅದೇ ಇರಬೇಕು ಅಂದುಕೊಂಡೆ! ಅದರ ಮುಂದೆ ಬರೀ 5 ಅಂಕಿಯ ಪಿನ್. ಇಂಗ್ಲೆಂಡಿನ ಪೋಸ್ಟ್‌ಕೋಡ್‌ನಲ್ಲಿ ಅಕ್ಷರವೂ ಇರುತ್ತದೆ, ಡರಮ್ ಊರೊಳಗಿನದು ಡಿಎಚ್1 ಅಂತ ಶುರುವಾಗುತ್ತದೆ. ಮಗನಿಗೆ ಚಟ್ನಿಪುಡಿ ಕಳಿಸುವಾಗೆಲ್ಲ ಅದನ್ನು ನಾನೇ ಕೈಯಾರೆ ಬರೆದವನು, ಆದರೂ ಹೊಳೆಯಲಿಲ್ಲ. ಸಾಲದ್ದಕ್ಕೆ ನಾಲ್ಕು ಕಾಸು ಕಡಿಮೆ ಅಂತ ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಬಾರದ ರೂಮನ್ನೇ ಹಿಡಿದಿದ್ದೆ.

ಆ ಅಮೆರಿಕದ ಊರಿಗೆ ಇಂಗ್ಲೆಂಡಿನ ಡರಮ್‌ನಿಂದ ಹೆಸರು ಬಂದದ್ದೂ ಅಲ್ಲವಂತೆ. ರೈಲ್ವೆ ಸ್ಟೇಷನ್‌ಗೆ ಜಾಗ ಕೊಟ್ಟ ಬಾರ್ಟ್ಲೆಟ್ ಡರಮ್ ಅನ್ನುವ ಡಾಕ್ಟರ ಹೆಸರು. ತಂಬಾಕಿನಿಂದ ಬೆಳೆದ ಊರು. ಇದನ್ನೆಲ್ಲ ದುಡ್ಡು ಹೋದಮೇಲೆ ಓದಿದೆ.

ಕಾನ್ವೊಕೇಶನ್ ವಾರ, ಚಿಕ್ಕ ಊರು, ಒಂದು ರೂಮೂ ಖಾಲಿ ಇಲ್ಲ. ನ್ಯೂಕ್ಯಾಸಲ್‌ಗೆ ಹೋಗಿ ದುಪ್ಪಟ್ಟು ಕೊಟ್ಟು ಮಲಗಿದೆವು. ರೈಲಿನಲ್ಲಿ ಕಾಲು ಗಂಟೆಯ ದಾರಿ, ತೊಂದರೆಯೇನಿಲ್ಲ. ಆದರೂ ಸಿಕ್ಕರೆ ಡರಮ್‌ನಲ್ಲೇ ಉಳಿಯಿರಿ. ಕಾರ್ಯಕ್ರಮ ನಡೆಯುವುದು ಕ್ಯಾಥೆಡ್ರಲ್ ಒಳಗೇ, 1093ರಲ್ಲಿ ಕಟ್ಟಲು ಶುರು ಮಾಡಿದ್ದು, ಕಂಬ ಒಂದೊಂದೂ ನಾಲ್ಕು ಜನ ತಬ್ಬಿದರೂ ಸಾಲದು. ಅದಿರುವುದು ಗುಡ್ಡದ ಮೇಲೆ, ವಿಯರ್ ನದಿ ಸುತ್ತುಹಾಕಿಕೊಂಡು ಹರಿಯುತ್ತದೆ. ನನ್ನಾಕೆ ರೇಷ್ಮೆ ಸೀರೆ ಉಟ್ಟು ಆ ಕಲ್ಲುಹಾಸಿನ ಏರು ಹತ್ತಿದಳು, ದಾರಿಯುದ್ದಕ್ಕೂ ನನ್ನ ಜೊತೆ ಮಾತಿಲ್ಲ. ಸಂಜೆ ನದಿ ದಂಡೆಯಲ್ಲಿ ಓಡಾಡೋಣ ಅಂದರೆ ರೈಲಿನ ಹೊತ್ತಾಗಿತ್ತು.

ಡಿಎಚ್1 ನೋಡಿ ಒತ್ತಿ. ದುಡ್ಡು ಕಟ್ಟುವ ಮೊದಲು ಮಗಳಿಗೊಮ್ಮೆ ತೋರಿಸಿ. ನಾನು ಮಗನಿಗೆ ಸರ್‌ಪ್ರೈಸ್ ಇರಲಿ ಅಂತ ಯಾವ ಹೋಟೆಲ್ ಅಂತಲೇ ಹೇಳಿರಲಿಲ್ಲ.