ಸಿಲ್ಕ್ ರೋಡ್ ಅನ್ನುವ ಆನ್‌ಲೈನ್ ಮಾರುಕಟ್ಟೆ ನಡೆಸಿದ ರಾಸ್ ಉಲ್ಬ್ರಿಕ್ಟ್ ಅಪೀಲಿನಲ್ಲಿ ಸೋತಿದ್ದು ಯಾಕೆ? ಸೋತ ಮೇಲೂ ಬಿಡುಗಡೆ ಆಗಿದ್ದು ಹೇಗೆ?

ಅಪೀಲು ಅಂದರೆ ಮತ್ತೊಂದು ವಿಚಾರಣೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಕೆಳಗಿನ ಕೋರ್ಟು ಕಾನೂನಿನ ಪ್ರಕಾರ ನಡೆಯಿತಾ ಅನ್ನುವುದನ್ನು ಮಾತ್ರ ಮೇಲಿನ ಕೋರ್ಟು ನೋಡುತ್ತದೆ.

ಇಂಟರ್ನೆಟ್ಟಿನಲ್ಲಿ ಡ್ರಗ್ಸ್ ಮಾರುವ ಸಂತೆಯನ್ನೇ ನಡೆಸಿದ್ದಕ್ಕೆ 2015ರಲ್ಲಿ ನ್ಯೂಯಾರ್ಕಿನಲ್ಲಿ ಉಲ್ಬ್ರಿಕ್ಟ್‌ಗೆ ಜೀವಾವಧಿ ಶಿಕ್ಷೆ ಆಯಿತು. ಪೆರೋಲ್, ಅಂದರೆ ಅವಧಿಗೆ ಮುಂಚೆ ಬಿಡುಗಡೆ, ಅದೂ ಇಲ್ಲ. ಅಪೀಲಿನಲ್ಲಿ ಅವರ ವಕೀಲರು ಮುಖ್ಯವಾಗಿ ಮೂರು ಮಾತು ಎತ್ತಿದರು. ವಾರಂಟ್ ಇಲ್ಲದೆ ಇಂಟರ್ನೆಟ್ ಸಂಪರ್ಕದ ಮೇಲೆ ಕಣ್ಣಿಟ್ಟಿದ್ದು ತಪ್ಪು. ತನಿಖೆಯಲ್ಲಿದ್ದ ಇಬ್ಬರು ಏಜೆಂಟರೇ ಬಿಟ್‌ಕಾಯಿನ್ ಕದ್ದಿದ್ದರು, ಅದನ್ನು ಜ್ಯೂರಿಗೆ (ತಪ್ಪಿತಸ್ಥರೋ ಅಲ್ಲವೋ ಅಂತ ತೀರ್ಮಾನಿಸುವ ಸಾಮಾನ್ಯ ಜನರ ತಂಡಕ್ಕೆ) ತಿಳಿಸಲು ಬಿಡಲಿಲ್ಲ. ಶಿಕ್ಷೆ ತೀರಾ ಜಾಸ್ತಿ ಆಯಿತು.

2017ರಲ್ಲಿ ಅಪೀಲು ಕೋರ್ಟು ಮೂರನ್ನೂ ತಳ್ಳಿಹಾಕಿತು. ಶಿಕ್ಷೆಯ ಬಗ್ಗೆ ಅದು ಹೇಳಿದ್ದು ನನ್ನನ್ನು ಈಗಲೂ ಕಾಡುತ್ತದೆ: ನಾವೇ ಆಗಿದ್ದರೆ ಇಷ್ಟು ಶಿಕ್ಷೆ ಕೊಡುತ್ತಿರಲಿಲ್ಲವೇನೋ, ಆದರೂ ಕೆಳಗಿನ ಜಡ್ಜ್ ತಮ್ಮ ಅಧಿಕಾರದ ಮಿತಿ ಮೀರಿಲ್ಲ. ಅಪೀಲು ಗೆಲ್ಲುವುದು ಕಷ್ಟ ಯಾಕೆ ಅಂತ ಇಲ್ಲೇ ಗೊತ್ತಾಗುತ್ತದೆ, ಅಲ್ವಾ?

2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕೇಸನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಕೊನೆಗೆ ಅವರು ಹೊರಗೆ ಬಂದಿದ್ದು 2025ರ ಜನವರಿಯಲ್ಲಿ, ಅಧ್ಯಕ್ಷ ಟ್ರಂಪ್ ಕೊಟ್ಟ ಕ್ಷಮಾದಾನದಿಂದ.