ತೋಟದ ಮನೆಯಲ್ಲಿ ಫೋಟೊಗ್ರಫಿ ಪಾಠ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಅಣ್ಣ ಕೊಟ್ಟ ಹಳೆಯ ಡಿಎಸ್‌ಎಲ್‌ಆರ್ ಮತ್ತು 18–55 ಲೆನ್ಸ್ ಇದೆ. ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ, ಕಣದ ಮೂಲೆಗೆ ಹೋದರೆ ಎರಡು ಕಡ್ಡಿ ಬರುತ್ತದೆ. ಮೂರು ತಿಂಗಳ ಆನ್‌ಲೈನ್ ಕೋರ್ಸಿಗೆ ದುಡ್ಡು ಕಟ್ಟಬಹುದೇ?
– ಓದುಗರು, ನಾಪೋಕ್ಲು

ಉತ್ತರ: ಈಗಲೇ ಕಟ್ಟಬೇಡಿ. ಮೊದಲು ಕೋರ್ಸಿನವರನ್ನು ಒಂದೇ ಮಾತು ಕೇಳಿ: ನಾನು ತೆಗೆದ ಚಿತ್ರಗಳನ್ನು ವಾರಕ್ಕೆ ಎಷ್ಟು ನೋಡಿ ತಪ್ಪು ಹೇಳುತ್ತೀರಿ? ರೆಕಾರ್ಡ್ ಮಾಡಿಟ್ಟ ವಿಡಿಯೊ ಅಷ್ಟೇ ಅಂದರೆ, ಅಂಥವು ಪುಕ್ಕಟೆಯಾಗಿಯೇ ಬೇಕಾದಷ್ಟಿವೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಮಾರ್ಕ್ ಲೆವಾಯ್ ಅವರು 2016ರಲ್ಲಿ ಗೂಗಲ್‌ನಲ್ಲಿ ಮಾಡಿದ 18 ಉಪನ್ಯಾಸಗಳು ಯೂಟ್ಯೂಬ್‌ನಲ್ಲಿವೆ. ಇಂಗ್ಲಿಷ್‌ನಲ್ಲಿವೆ, ನಡುನಡುವೆ ಗಣಿತವೂ ಬರುತ್ತದೆ. ಆದರೂ ಲೆನ್ಸು, ಬೆಳಕು, ಸೆನ್ಸರ್ ವಿಷಯವನ್ನು ಅಷ್ಟು ಬಿಡಿಸಿ ಹೇಳಿದವರು ಕಡಿಮೆ. ಗಣಿತ ಬಂದಲ್ಲಿ ದಾಟಿಸಿ ಮುಂದೆ ಹೋಗಿ.

ಮಡಿಕೇರಿಗೋ ಗೋಣಿಕೊಪ್ಪಕ್ಕೋ ಹೋದ ದಿನ ವಾರದ ಪಾಠ ಡೌನ್‌ಲೋಡ್ ಮಾಡಿಕೊಳ್ಳಿ. ಮಾತಿನ ಪಾಠಕ್ಕೆ ವಿಡಿಯೊ ಗುಣಮಟ್ಟ 480 ಸಾಕು. ಎಡಿಟಿಂಗ್ ಪಾಠವಾದರೆ 720 ಬೇಕು, ಇಲ್ಲದಿದ್ದರೆ ಮೆನುವಿನ ಅಕ್ಷರ ಕಾಣುವುದಿಲ್ಲ.

ಒಂದು ಗಂಟೆ ಪಾಠಕ್ಕೆ ಮೂರು ದಿನ ಅಭ್ಯಾಸ ಇರಲಿ. ಜಗಲಿಯ ಮೇಲೆ ಮೂರು ಕಿತ್ತಳೆಗಳನ್ನು ಒಂದರ ಹಿಂದೆ ಒಂದು, ಅಡಿ ಅಂತರದಲ್ಲಿ ಇಡಿ. ಲೆನ್ಸ್ 55ಕ್ಕೆ ತಿರುಗಿಸಿ, ನಿಕಾನ್ ಆದರೆ ‘ಎ’, ಕ್ಯಾನನ್ ಆದರೆ ‘ಎವಿ’ ಮೋಡ್‌ಗೆ (ಲೆನ್ಸಿನ ಕಿಂಡಿ ನೀವು ಆರಿಸುತ್ತೀರಿ, ಷಟರ್ ವೇಗ ಕ್ಯಾಮೆರಾ ಆರಿಸುತ್ತದೆ) ಹಾಕಿ, ನಡುವಿನ ಹಣ್ಣಿಗೆ ಫೋಕಸ್ ಮಾಡಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕೆಂಬ ಅಳತೆ) ಬದಲಿಸದೆ, ಕಿಂಡಿ ಕಿರಿದು ಮಾಡುತ್ತಾ ಎಫ್/5.6, 8, 11, 16ರಲ್ಲಿ ಒಂದೊಂದು ತೆಗೆಯಿರಿ. 5.6ರಲ್ಲಿ ಷಟರ್ ವೇಗ 1/200 ಸೆಕೆಂಡ್ ಇದ್ದರೆ 16ಕ್ಕೆ ಬರುವಷ್ಟರಲ್ಲಿ 1/25ಕ್ಕೆ ಇಳಿದಿರುತ್ತದೆ. ಹಿಂದಿನ ಹಣ್ಣು ಸ್ಪಷ್ಟವಾಗುತ್ತಾ ಬರುತ್ತದೆ, ಆದರೆ ಚಿತ್ರವೇ ಅಲುಗಿದಂತೆ ಕಾಣುತ್ತದೆ. ಅದು ಫೋಕಸ್ ತಪ್ಪಲ್ಲ, ಕೈನಡುಕ. 55ರಲ್ಲಿ 1/80ಕ್ಕಿಂತ ನಿಧಾನವಾದರೆ ಕ್ಯಾಮೆರಾವನ್ನು ಕಂಬಕ್ಕೆ ಒತ್ತಿ ಹಿಡಿಯಿರಿ, ಇಲ್ಲವೇ ಐಎಸ್‌ಒ ಏರಿಸಿ. ಈ ಒಂದು ಅಭ್ಯಾಸ ಕೈಗೆ ಹತ್ತಿದರೆ ಕೋರ್ಸಿನ ಮೊದಲ ತಿಂಗಳ ಪಾಠ ಮುಗಿದಂತೆಯೇ.

ಪ್ರಶ್ನೆ: ಕಾಫಿ ಹೂವಿನ ಚಿತ್ರ ಎಷ್ಟು ತೆಗೆದರೂ ಬೂದಿ ಬಣ್ಣ, ಇಲ್ಲವೇ ಹಸಿರು. ಆನ್‌ಲೈನ್ ಪಾಠದಲ್ಲಿ ಹೇಳಿದಂತೆಯೇ ಮಾಡಿದ್ದೇನೆ.
– ಕಾಲೇಜು ವಿದ್ಯಾರ್ಥಿನಿ, ಸೋಮವಾರಪೇಟೆ

ಉತ್ತರ: ಇಲ್ಲಿ ಎರಡು ತೊಂದರೆ ಒಟ್ಟಿಗೆ ಸೇರಿಕೊಂಡಿವೆ. ಬೂದಿ ಬಣ್ಣಕ್ಕೆ ಕಾರಣ ಬೆಳಕು ಅಳೆಯುವ ಮೀಟರು. ಎದುರಿಗೆ ಏನೇ ಇರಲಿ, ಅದು ನಡುಬೂದಿ ಎಂದೇ ಕ್ಯಾಮೆರಾ ಲೆಕ್ಕ ಹಾಕುತ್ತದೆ. ಗಿಡದ ತುಂಬ ಬಿಳಿ ಹೂ ಕಂಡರೆ ‘ಬೆಳಕು ಜಾಸ್ತಿಯಾಯಿತು’ ಎಂದು ತಗ್ಗಿಸಿಬಿಡುತ್ತದೆ. ಬೆಳಗಿನ ಮಂಜಿನಲ್ಲಿ ಆಗುವುದೂ ಇದೇ. ಪ್ಲಸ್–ಮೈನಸ್ ಗುಂಡಿ ಒತ್ತಿ ಒಂದೇ ರೆಂಬೆಯನ್ನು 0, +0.7, +1.3ರಲ್ಲಿ ಮೂರು ಸಲ ತೆಗೆಯಿರಿ. ಆಮೇಲೆ ಹಿಸ್ಟೊಗ್ರಾಂ (ಎಡಕ್ಕೆ ಕಪ್ಪು, ಬಲಕ್ಕೆ ಬಿಳುಪು ತೋರಿಸುವ ನಕ್ಷೆ) ನೋಡಿ: ಗುಡ್ಡ ಬಲಕ್ಕೆ ಸರಿದಿರಬೇಕು, ಬಲಗೋಡೆಗೆ ಅಂಟಿರಬಾರದು. ಅಂಟಿದ್ದರೆ ಎಸಳಿನ ಗೆರೆಗಳು ಅಳಿಸಿಹೋಗಿವೆ. ಎಡಿಟಿಂಗ್‌ನಲ್ಲೂ ಅವು ಮರಳುವುದಿಲ್ಲ.

ಹಸಿರು ಬರುವುದು ನೆರಳಿನ ಮರಗಳಿಂದ. ಸಿಲ್ವರ್ ಓಕ್, ಹಾಲುವಾಣದ ಎಲೆಗಳನ್ನು ದಾಟಿ ಬರುವ ಬೆಳಕೇ ಹಸಿರು. ಸ್ಟುಡಿಯೊದಲ್ಲೋ ಬಯಲಿನಲ್ಲೋ ಮಾಡಿದ ಪಾಠದಲ್ಲಿ ಈ ಮಾತು ಬರುವುದಿಲ್ಲ, ಹಾಗಾಗಿ ತಪ್ಪು ನಿಮ್ಮದಲ್ಲ. ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದ ಮೂಲ ಚಿತ್ರ) ತೆಗೆಯಿರಿ, ಅದೇ ನೆರಳಿನಲ್ಲಿ ಗ್ರೇ ಕಾರ್ಡ್ (ಬೇರೆ ಛಾಯೆಯಿಲ್ಲದ ಬೂದಿ ಬಣ್ಣದ ರಟ್ಟು) ಹಿಡಿದು ಒಂದು ಚಿತ್ರ ಹೆಚ್ಚಿಗೆ ತೆಗೆದಿಡಿ. ಡಾರ್ಕ್‌ಟೇಬಲ್ ಅಥವಾ ರಾ ಥೆರಪಿಯಲ್ಲಿ (ಎರಡೂ ಉಚಿತ ಎಡಿಟಿಂಗ್ ತಂತ್ರಾಂಶ) ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸ್‌ನ ಪಿಕರ್‌ನಿಂದ ಆ ಕಾರ್ಡನ್ನು ಒತ್ತಿ, ಅದೇ ಅಳತೆಯನ್ನು ಉಳಿದ ಚಿತ್ರಗಳಿಗೂ ಹಚ್ಚಿ. ಕಾರ್ಡಿನ ಬದಲು ಪ್ರಿಂಟರ್ ಹಾಳೆ ಹಿಡಿಯಬೇಡಿ. ಹೊಳಪಿಗೆಂದು ಅದಕ್ಕೆ ರಾಸಾಯನಿಕ ಸೇರಿಸಿರುತ್ತಾರೆ, ಬಿಸಿಲಲ್ಲಿ ನೀಲಿ ಛಾಯೆ ಬಂದು ಲೆಕ್ಕ ಕೆಡುತ್ತದೆ.

ಹೂಮಳೆ ಬಿದ್ದು ವಾರ–ಹತ್ತು ದಿನಕ್ಕೆ ಅರಳಿದ ಹೂ ಎರಡು–ಮೂರು ದಿನದಲ್ಲಿ ಕಂದುತ್ತದೆ. ಮಳೆ ಬಿದ್ದ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡಿ. ಗಾಳಿ ಏಳುವ ಮೊದಲು, ಬೆಳಿಗ್ಗೆ ಎಂಟರೊಳಗೆ, ಎಫ್/8, ಷಟರ್ 1/200, ಐಎಸ್‌ಒ 800ರಿಂದ ಶುರು ಮಾಡಿ. ಬೆಳಕು ಕಡಿಮೆ ಬಿದ್ದರೆ ಐಎಸ್‌ಒ ಏರಿಸಿ, ಷಟರ್ ಇಳಿಸಬೇಡಿ.

ಪ್ರಶ್ನೆ: ಮೊಬೈಲಿನಲ್ಲೇ ಕಲಿತರೆ ಆಗದೇ?
– ಓದುಗರು, ಕುಶಾಲನಗರ

ಉತ್ತರ: ಖಂಡಿತ ಆಗುತ್ತದೆ. ಬೆಳಕು, ಚೌಕಟ್ಟು ಎರಡಕ್ಕೂ ಮೊಬೈಲು ಧಾರಾಳ ಸಾಕು. ಲೆನ್ಸ್ ಒರೆಸಿ, ಝೂಮ್ ಎಳೆಯದೆ ಹತ್ತಿರ ಹೋಗಿ. ಗುರುಗಳಿಗೆ ಚಿತ್ರ ಕಳಿಸುವಾಗ ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ.

ಪ್ರಶ್ನೆ: ಮಳೆಗಾಲ ಮುಗಿದ ಮೇಲೆ ನೋಡಿದರೆ ಲೆನ್ಸಿನೊಳಗೆ ಜೇಡರ ಬಲೆಯಂಥ ಎಳೆಗಳು. ಬ್ಯಾಗಿನಲ್ಲಿ ಜೋಪಾನವಾಗಿಯೇ ಇಟ್ಟಿದ್ದೆ.
– ಓದುಗರು, ಭಾಗಮಂಡಲ

ಉತ್ತರ: ಬ್ಯಾಗಿನಲ್ಲಿಟ್ಟಿದ್ದೇ ಕಷ್ಟಕ್ಕೆ ಬಂತು. ಬ್ಯಾಗಿನ ಸ್ಪಂಜು, ಚರ್ಮ ಎರಡೂ ತೇವ ಹೀರಿ ಹಿಡಿದಿಡುತ್ತವೆ. ಆ ಎಳೆಗಳು ಬೂಷ್ಟು. ಗಾಜಿನ ಲೇಪನ ತಿನ್ನುವ ಮೊದಲೇ ರಿಪೇರಿಯವರಲ್ಲಿ ಬಿಚ್ಚಿಸಿ ಒರೆಸಿಸಬೇಕು. ಅಲ್ಲಿಯವರೆಗೆ ಬೇರೆ ಲೆನ್ಸುಗಳ ಜೊತೆ ಇಡಬೇಡಿ.

ಮುಂದಿನ ಜೂನ್‌ಗೆ ಮುಂಚೆ ಮುಚ್ಚಳಕ್ಕೆ ರಬ್ಬರ್ ಇರುವ ಪ್ಲಾಸ್ಟಿಕ್ ಡಬ್ಬ, ತೇವ ಹೀರುವ ಸಿಲಿಕಾ ಜೆಲ್ ಕಾಲು ಕಿಲೊ, ತೇವ ಅಳೆಯುವ ಪುಟ್ಟ ಹೈಗ್ರೊಮೀಟರ್ ತಂದಿಡಿ. ಅದರ ಮುಳ್ಳು ಶೇ 40–50ರ ನಡುವೆ ಇರಲಿ. 60 ದಾಟಿದರೆ ಬೂಷ್ಟಿಗೆ ದಾರಿ. 30ಕ್ಕಿಂತ ಇಳಿದರೆ ಲೆನ್ಸಿನೊಳಗಿನ ಗ್ರೀಸ್ ಒಣಗಬಹುದು. ಸಿಲಿಕಾ ಜೆಲ್‌ನ ಕಿತ್ತಳೆ ಬಣ್ಣದ ಹರಳು ಹಸಿರಾದಾಗ ಓವನ್‌ನಲ್ಲಿ 110–120 ಡಿಗ್ರಿಗೆ ಎರಡು ಗಂಟೆ ಇಟ್ಟರೆ ಮತ್ತೆ ಕೆಲಸಕ್ಕೆ ಬರುತ್ತದೆ. ಪೂರ್ತಿ ತಣಿದ ಮೇಲೆಯೇ ಡಬ್ಬಕ್ಕೆ ಹಾಕಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆಂದು ಕ್ಯಾಮೆರಾವನ್ನು ಅಲ್ಲಿಡುವವರಿದ್ದಾರೆ. ಹೊಗೆಯ ಜಿಡ್ಡು ಗಾಜಿಗೆ ಕೂರುತ್ತದೆ, ಅಲ್ಲಿ ಬೇಡ. ಡಬ್ಬಕ್ಕೆ ಅಕ್ಕಿಯೂ ಬೇಡ, ಅದರ ಹಿಟ್ಟು ಗುಂಡಿಗಳ ಸಂದಿಗೆ ಇಳಿಯುತ್ತದೆ.